ಅಚ್ಚು ಯಾರದು, ಮುಖ ಯಾರದು

ದಲಿತ ವಿಮರ್ಶೆಯ ಸಂಚಿಕೆಗೆ ನಾಣ್ಯ ಮತ್ತು ಪದಕಗಳ ಬಗ್ಗೆ ಬರೀತೀನಿ ಅಂದಾಗ ಇಬ್ಬರು ಮೂವರು ಗೆಳೆಯರು ಹುಬ್ಬೇರಿಸಿದರು. ಕಾವ್ಯ ಇದೆ, ಕಾದಂಬರಿ ಇದೆ, ಆತ್ಮಕಥನಗಳಿವೆ. ಅದನ್ನೆಲ್ಲ ಬಿಟ್ಟು ಚಿಲ್ಲರೆ ಕಾಸಿನ ಹಿಂದೆ ಯಾಕೆ ಬಿದ್ದೆ ಅನ್ನೋದು ಅವರ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಅಕ್ಷರ ಕಲಿಯದ ನಮ್ಮ ತಾಯಂದಿರು ದಿನವೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುವ ಸರ್ಕಾರಿ ಪಠ್ಯ ಅಂತ ಒಂದು ಇದ್ದರೆ ಅದು ನಾಣ್ಯ. ಆ ಪಠ್ಯಕ್ಕೆ ಕರ್ತೃವಿನ ಹೆಸರಿಲ್ಲ. ಕಾವ್ಯದ ಒಂದು ಪ್ರತಿಮೆಯನ್ನು ಹಿಡಿದು ಅದರ ಜಾತಿ ಯಾವುದು ಅಂತ ಕೇಳುವ ನಾವು, ಲೋಹದ ಮೇಲೆ ಒತ್ತಿದ ಪ್ರತಿಮೆಯನ್ನು ಮಾತ್ರ ಪ್ರಕೃತಿ ಸಹಜ ಅನ್ನೋ ಹಾಗೆ ಜೇಬಿಗೆ ಹಾಕಿಕೊಳ್ತೀವಿ.

ಈ ಚಿತ್ರಗಳು ಹೇಗೆ ತೀರ್ಮಾನ ಆಗ್ತವೆ ಅನ್ನೋದನ್ನು ಮೊದಲು ಹೇಳಿಬಿಡ್ತೀನಿ. ಹಿಂದೆ 1906ರ ನಾಣ್ಯ ಕಾಯ್ದೆ ಇತ್ತು, ಈಗ 2011ರ ಕಾಯ್ದೆ ಇದೆ. ಯಾವ ಮುಖಬೆಲೆ (ಒಂದು ಸಾವಿರ ರೂಪಾಯಿ ಮೀರದಂತೆ), ಎಷ್ಟು ಅಗಲ, ಯಾವ ಲೋಹ, ಯಾವ ಚಿತ್ರ ಎಂಬುದನ್ನೆಲ್ಲ ಕೇಂದ್ರ ಸರ್ಕಾರ ಗೆಜೆಟ್ ಪ್ರಕಟಣೆಯ ಮೂಲಕ ಗೊತ್ತುಮಾಡುತ್ತೆ. ರಿಸರ್ವ್ ಬ್ಯಾಂಕಿನ ಕೆಲಸ ಹಂಚೋದು ಮಾತ್ರ. ಯಾರದೋ ಜನ್ಮಶತಾಬ್ದಿ ಬಂತು ಅನ್ನಿ, ನಾಣ್ಯ ತರಬೇಕೆಂಬ ಬೇಡಿಕೆ ಹಣಕಾಸು ಮಂತ್ರಾಲಯಕ್ಕೆ ಹೋಗುತ್ತೆ. ಒಪ್ಪಿಗೆ ಸಿಕ್ಕರೆ ಕಲಾವಿದರು ಚಿತ್ರ ಬರೀತಾರೆ, ಅದರಿಂದ ದೊಡ್ಡ ಅಳತೆಯ ಉಬ್ಬು ಮಾದರಿ, ಮಾದರಿಯಿಂದ ನಾಣ್ಯದ ಅಳತೆಗೆ ಇಳಿಸಿದ ಉಕ್ಕಿನ ಅಚ್ಚು. ಆಮೇಲೆ ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳಲ್ಲಿ ಒತ್ತೋದು. ಗೆಜೆಟ್ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಚಿತ್ರ ತೀರ್ಮಾನವಾಗಿ ಮುಗಿದಿರುತ್ತೆ. ರೂಪಾಯಿಯ ಚಿಹ್ನೆಗೆ 2009ರಲ್ಲಿ ಬಹಿರಂಗ ಸ್ಪರ್ಧೆ ಕರೆದು 2010ರಲ್ಲಿ ಆರಿಸಿದ ಇದೇ ಮಂತ್ರಾಲಯಕ್ಕೆ, ರೂಪಾಯಿಯ ಮೇಲಿನ ಮುಖಕ್ಕೆ ಹಾಗೆ ಜನರನ್ನು ಕೇಳಬೇಕು ಅನ್ನಿಸಿಲ್ಲ.

ಸ್ಮಾರಕ ನಾಣ್ಯಗಳು ನಮ್ಮಲ್ಲಿ ಶುರುವಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. 1969ರಲ್ಲಿ ಗಾಂಧಿ. ಅಂಬೇಡ್ಕರ್ ಬರೋಕೆ 1990 ಆಗಬೇಕಾಯ್ತು. ನಾಣ್ಯಕ್ಕಿಂತ ಮೊದಲು ಪದಕದ ಮಾತಾಡ್ತೀನಿ, ಯಾಕಂದರೆ ಚಿತ್ರ ಆರಿಸುವವರ ಮನಸ್ಸು ಅಲ್ಲಿ ಹೆಚ್ಚು ಬಿಚ್ಚಿಕೊಳ್ಳುತ್ತೆ. ನಾಣ್ಯಕ್ಕೆ ಮುಖ ಸಾಕು, ಪದಕಕ್ಕೆ ಒಂದು ಕಥೆ ಬೇಕು.

ಪರಮವೀರ ಚಕ್ರವನ್ನೇ ತಗೊಳ್ಳಿ. 1950ರ ಜನವರಿ 26ರಂದು ಸ್ಥಾಪನೆ ಆದದ್ದು. ಅದರ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಇಲ್ಲಿಯ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ, ಸಂಸ್ಕೃತ ಕಲಿತು ಪುರಾಣ ಓದಿಕೊಂಡಿದ್ದ ಹೆಣ್ಣುಮಗಳು. ಕೆಲಸ ಒಪ್ಪಿಸಿದವರು ಸೇನೆಯ ಹೀರಾಲಾಲ್ ಅಟಲ್. ಒಬ್ಬ ಅಧಿಕಾರಿ ಕೇಳಿದರು, ಪರಿಚಯದ ಒಬ್ಬರು ಬರೆದುಕೊಟ್ಟರು. ಕಂಚಿನ ದುಂಡು ಬಿಲ್ಲೆ, ನಡುವೆ ರಾಜ್ಯಲಾಂಛನ, ಸುತ್ತ ನಾಲ್ಕು ವಜ್ರಾಯುಧ, ನೇರಳೆ ಪಟ್ಟಿ. ನೋಡೋಕೆ ಗಂಭೀರವಾಗಿದೆ, ಅನಗತ್ಯ ಅಲಂಕಾರ ಇಲ್ಲ; ಇದನ್ನು ಒಪ್ಪಲೇಬೇಕು.

ಆದರೆ ಕಥೆ? ವಜ್ರಾಯುಧ ಇಂದ್ರನದು. ವೃತ್ರನನ್ನು ಕೊಲ್ಲೋದಕ್ಕೆ ದಧೀಚಿ ಋಷಿ ತನ್ನ ಬೆನ್ನೆಲುಬನ್ನೇ ಕೊಟ್ಟ, ಅದರಿಂದ ಆಯುಧ ಆಯ್ತು ಅನ್ನೋದು ಪುರಾಣ. ಪ್ರಾಣ ಕೊಡುವ ಸೈನಿಕನಿಗೆ ದಧೀಚಿಯ ಹೋಲಿಕೆ. ಸರಿ. ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದಾಗ ಅವತಾರಗಳ ಕಥೆಗಳನ್ನು ಸೋತವರ ಕಡೆಯಿಂದ ಓದಿ ತೋರಿಸಿದರು. ಆ ಓದು ಗೊತ್ತಿರುವವನಿಗೆ ಇಲ್ಲಿ ಎರಡು ಮುಳ್ಳು ಚುಚ್ಚುತ್ತವೆ. ಒಂದು, ಎಲುಬು ಕೊಟ್ಟವನು ಒಬ್ಬ, ಅದು ಹೆಸರಾದದ್ದು ಇನ್ನೊಬ್ಬನ ಆಯುಧ ಅಂತ. ನಮ್ಮ ಜನಕ್ಕೆ ಈ ವ್ಯವಹಾರ ಹೊಸದೇನಲ್ಲ. ಇನ್ನೊಂದು, ವೃತ್ರನ ಕಡೆಯವರಿಗೂ ಒಂದು ಕಥೆ ಇರಬಹುದು ಅನ್ನುವ ಅನುಮಾನವೇ ಆ ಬಿಲ್ಲೆಯಲ್ಲಿ ಜಾಗ ಪಡೆದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಓದೂ ಅರ್ಧವೇ. ವಜ್ರ ಬೌದ್ಧರದೂ ಹೌದು. ಬುದ್ಧಗಯೆಯಲ್ಲಿ ಬುದ್ಧ ಕೂತ ಜಾಗಕ್ಕೆ ವಜ್ರಾಸನ ಅಂತಲೇ ಹೆಸರು. ಬಿಲ್ಲೆಯ ನಡುವೆ ಇರೋದು ಅಶೋಕನ ಸಾರನಾಥದ ಸಿಂಹ. ಆ ಅಶೋಕನ ಹೆಸರನ್ನು ಹೆಸರಾಗಿಯೇ ಹೇಳಿದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಂದರೆ ಒಂದೇ ಕಂಚಿನ ತುಂಡಿನಲ್ಲಿ ಇಂದ್ರನೂ ಇದ್ದಾನೆ, ಬುದ್ಧನೂ ಇದ್ದಾನೆ. ಯಾವ ಕಥೆ ಅಧಿಕೃತ ಆಗುತ್ತೆ ಅನ್ನೋದು ಚಿತ್ರದಿಂದ ತೀರ್ಮಾನ ಆಗೋದಿಲ್ಲ. ಶಾಲೆಯ ಪುಸ್ತಕದಲ್ಲಿ, ಭಾಷಣದಲ್ಲಿ ಅದನ್ನು ವಿವರಿಸುವವರಿಂದ ಆಗುತ್ತೆ. ಅವರೆಲ್ಲ ದಧೀಚಿಯನ್ನೇ ಹೇಳಿದರು.

ಭಾರತರತ್ನದ್ದೂ ಹೀಗೇ. 1954ರಲ್ಲಿ ಮೊದಲು ಗೊತ್ತುಮಾಡಿದ್ದು ದುಂಡನೆಯ ಚಿನ್ನದ ಪದಕ. ಮರುವರ್ಷವೇ ಅದನ್ನು ಬಿಟ್ಟು ಅರಳಿ ಎಲೆಯ ಆಕಾರದ ಕಂಚಿಗೆ ಬಂದರು, ಮೇಲೆ ಸೂರ್ಯನ ಚಿತ್ರ. ಅರಳಿ ಎಲೆ ಅಂದರೆ ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡವರಿಗೆ ಬೋಧಿವೃಕ್ಷ. ನಮ್ಮ ಹಳ್ಳಿಗಳಲ್ಲಿ ಅರಳಿ ಅಂದರೆ ಅರಳಿಕಟ್ಟೆ. ಪಂಚಾಯ್ತಿ ಕೂರುವ, ನಮ್ಮವರು ಕೆಳಗೆ ನಿಂತು ದಂಡ ಕೇಳಿಸಿಕೊಂಡ ಕಟ್ಟೆ. 1990ರಲ್ಲಿ ಆ ಎಲೆ ಬಾಬಾಸಾಹೇಬರಿಗೆ ಸಂದಿತು, ಅವರು ತೀರಿಕೊಂಡು ಮೂವತ್ತನಾಲ್ಕು ವರ್ಷದ ಮೇಲೆ. ಬೋಧಿಯ ಎಲೆ ಬೌದ್ಧನಿಗೆ ಸೇರಿತು ಅಂತ ಸಂತೋಷಪಡಬಹುದು. ಕಟ್ಟೆಯ ಮೇಲೆ ಕೂರಿಸೋಕೆ ಅಷ್ಟು ವರ್ಷ ಬೇಕಾಯ್ತು ಅಂತಲೂ ಓದಬಹುದು. ನಾನು ಎರಡನ್ನೂ ಬಿಡೋದಿಲ್ಲ.

ಚಿತ್ರ ಆರಿಸುವ ರಾಜಕಾರಣ ಅತ್ಯಂತ ಬೆತ್ತಲೆಯಾಗಿ ಕಾಣಿಸೋದು ಒಂದು ಟೋಪಿಯ ಬಿಲ್ಲೆಯಲ್ಲಿ. 1818ರ ಜನವರಿ 1ರ ಕೋರೆಗಾಂವ್ ಕಾಳಗ ಎಲ್ಲರಿಗೂ ಗೊತ್ತು. ಅಲ್ಲಿಯ ಕಲ್ಲಿನ ಕಂಬದ ಮೇಲೆ ಮಡಿದವರ ನಲವತ್ತೊಂಬತ್ತು ಹೆಸರಿವೆ, ಅದರಲ್ಲಿ ಇಪ್ಪತ್ತೆರಡು ‘ನಾಕ’ ಅಂತ ಕೊನೆಯಾಗುವ ಮಹಾರರ ಹೆಸರು. ಕಂಪನಿ ಸರ್ಕಾರ ಅದನ್ನು ನಿಲ್ಲಿಸಿದ್ದು ತನ್ನ ಕೀರ್ತಿಗೆ, ಮಹಾರರ ಮೇಲಿನ ಪ್ರೀತಿಗಲ್ಲ. ಮುಂದೆ ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಆದರೂ ಹೆಸರು ಕಲ್ಲಿನ ಮೇಲೆ ಉಳಿದಿತ್ತು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದದ್ದು ಆ ಹೆಸರುಗಳಿಗಾಗಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಅಗತ್ಯ ಬಿದ್ದು, 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ನಮ್ಮ ಬೆಳಗಾವಿಯಲ್ಲೇ ಎದ್ದು ನಿಂತಿತು. ಅದರ ಲಾಂಛನದಲ್ಲಿ ಕೋರೆಗಾಂವ್ ಕಂಬ ಇತ್ತು, ಅದರ ಮೇಲೆ ಅಡ್ಡಡ್ಡ ಎರಡು ಮಷಿನ್‌ಗನ್. ಸ್ವಾತಂತ್ರ್ಯ ಬಂತು, ಕಂಬ ಹೋಯ್ತು, ಅದರ ಜಾಗಕ್ಕೆ ಕಠಾರಿ ಬಂತು.

ಪೇಶ್ವೆಗಳ ವಿರುದ್ಧ ಕಂಪನಿ ಗೆದ್ದ ಸ್ಮಾರಕವನ್ನು ಸ್ವತಂತ್ರ ದೇಶದ ಸೈನ್ಯ ಹೇಗೆ ತಲೆ ಮೇಲೆ ಹೊರುತ್ತೆ ಅಂತ ಯಾರಾದರೂ ಕೇಳಬಹುದು. ಕೇಳಲಿ. ಆದರೆ ಕಂಬ ತೆಗೆದ ಕೈ ಆ ಇಪ್ಪತ್ತೆರಡು ಹೆಸರನ್ನು ಎಲ್ಲಿಡ್ತು? ಕಠಾರಿಗೆ ಯಾವ ಹೆಸರೂ ಇಲ್ಲ, ಅದು ಎಲ್ಲರ ಸೊಂಟದಲ್ಲೂ ಇರುವ ವಸ್ತು. ಮಹಾರ್ ರೆಜಿಮೆಂಟ್ ಆಮೇಲೆ ಎಲ್ಲ ಜಾತಿಗಳಿಗೂ ತೆರೆದುಕೊಂಡಿತು, ಅದು ಒಳ್ಳೆಯದೇ. 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಇದೇ ರೆಜಿಮೆಂಟಿನ ಎಂಟನೇ ಪಡೆಯವರು. ಬಿಲ್ಲೆಯಿಂದ ಹೊರಬಿದ್ದ ಕಂಬಕ್ಕೆ ಜನ ಮಾತ್ರ ಪ್ರತಿ ಹೊಸವರ್ಷ ಹೋಗೋದು ಬಿಡಲಿಲ್ಲ. 2018ರಲ್ಲಿ, ಇನ್ನೂರನೇ ವರ್ಷದಂದು, ಹಾಗೆ ಹೋದವರ ಮೇಲೆ ಕಲ್ಲು ಬಿತ್ತು. ಯಾವ ಚಿತ್ರ ಇರಬೇಕು ಅನ್ನೋ ಜಗಳ ಬರೀ ಕಲಾವಿದರ ಜಗಳ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಅಮೆರಿಕದ ಕರಿಯರ ಅನುಭವ ಇಲ್ಲಿ ನಮಗೆ ಪಾಠ. 1946ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರ ಬೆಳ್ಳಿಯ ಅರ್ಧ ಡಾಲರ್ ಬಂತು; ಒಬ್ಬ ಕರಿಯ ವ್ಯಕ್ತಿಯ ಮುಖ ಆ ದೇಶದ ನಾಣ್ಯಕ್ಕೆ ಬಂದದ್ದು ಅದೇ ಮೊದಲು. ಮೊದಲು ಸಿದ್ಧವಾದದ್ದು ಚಾರ್ಲ್ಸ್ ಕೆಕ್ ಎಂಬ ಬಿಳಿಯ ಶಿಲ್ಪಿಯ ಚಿತ್ರ. ಆಗ ಐಸಾಕ್ ಹ್ಯಾಥವೇ ಎಂಬ ಕರಿಯ ಶಿಲ್ಪಿ, ವಾಷಿಂಗ್ಟನ್ ಬದುಕಿದ್ದಾಗ ಅವರ ಮುಖದಿಂದಲೇ ತೆಗೆದ ಅಚ್ಚಿನ ಆಧಾರದ ಮೇಲೆ ತನ್ನದೊಂದು ಮಾದರಿ ಮುಂದಿಟ್ಟ. ಅಲ್ಲಿಯ ಲಲಿತಕಲಾ ಆಯೋಗ ಹ್ಯಾಥವೇಯದನ್ನೇ ಒಪ್ಪಿತು. ಹಿಂಬದಿ ನೋಡಿ: ಕೆಳಗೆ ಗುಲಾಮರ ಗುಡಿಸಲು, ಮೇಲೆ ಮಹಾಪುರುಷರ ಭವನ, ಗುಡಿಸಲಿಂದ ಭವನಕ್ಕೆ ಎಂಬರ್ಥದ ಸಾಲು. ಏರಿದವನ ಕಥೆ ಹೇಳುವ ಈ ರೀತಿ ನನಗೆ ಪೂರ್ತಿ ಹಿಡಿಸೋದಿಲ್ಲ. ಗುಡಿಸಲಲ್ಲೇ ಉಳಿದವರ ಪ್ರಶ್ನೆ ಅದರಲ್ಲಿ ಇಲ್ಲ. ಆದರೂ ಗುಡಿಸಲು ಇದೆ. ಆತ ಎಲ್ಲಿಂದ ಬಂದ ಅನ್ನೋದನ್ನು ಲೋಹ ಮುಚ್ಚಿಡಲಿಲ್ಲ.

ಐದೇ ವರ್ಷದಲ್ಲಿ ಆಟ ಬದಲಾಯ್ತು. 1951ರಲ್ಲಿ ವಾಷಿಂಗ್ಟನ್ ಜೊತೆ ವಿಜ್ಞಾನಿ ಕಾರ್ವರ್ ಮುಖವನ್ನೂ ಸೇರಿಸಿ ಹೊಸ ನಾಣ್ಯ ಬಂತು. ಕರಿಯರಲ್ಲಿ ಕಮ್ಯುನಿಸಂ ಹರಡದಂತೆ ತಡೆಯೋದು ಅದರ ಕಾನೂನಿನಲ್ಲೇ ಹೇಳಿಕೊಂಡ ಉದ್ದೇಶ. ಗುಡಿಸಲು ಮಾಯ. ಅದರ ಜಾಗದಲ್ಲಿ ದೇಶದ ಭೂಪಟ ಮತ್ತು ‘ಅಮೆರಿಕನಿಸಂ’ ಎಂಬ ಪದ. ಅದೇ ಶಿಲ್ಪಿ, ಅದೇ ಮುಖ. ಹಿಂಬದಿ ಮಾತ್ರ ಪ್ರಭುತ್ವದ್ದು. ಮುಂದೆ 2003ರಲ್ಲಿ ಅಲ್ಲಿ ನಾಣ್ಯ ಮತ್ತು ಪದಕಗಳ ಚಿತ್ರ ನೋಡೋದಕ್ಕೆ ಹನ್ನೊಂದು ಜನರ ನಾಗರಿಕ ಸಲಹಾ ಸಮಿತಿ ಕಾನೂನಿನಿಂದಲೇ ರಚನೆಯಾಯ್ತು. ಇತಿಹಾಸಕಾರ, ಶಿಲ್ಪಿ, ನಾಣ್ಯಶಾಸ್ತ್ರಜ್ಞ, ಸಾಮಾನ್ಯ ಜನರ ಪ್ರತಿನಿಧಿಗಳು. ಸಭೆ ಬಹಿರಂಗ, ಕರಡು ಚಿತ್ರಗಳು ಎಲ್ಲರ ಮುಂದೆ. ಕೊನೆಯ ಮಾತು ಖಜಾನೆ ಮಂತ್ರಿಯದೇ, ಸಮಿತಿಯದು ಶಿಫಾರಸು ಮಾತ್ರ. ಹಾಗಾಗಿ ಅದನ್ನು ಸ್ವರ್ಗ ಅಂತ ನಾನು ಹೇಳೋದಿಲ್ಲ. ಆದರೆ ಯಾವ ಚಿತ್ರ ಬಿದ್ದುಹೋಯ್ತು ಅಂತ ಗೊತ್ತಾದರೆ ಜಗಳಕ್ಕೆ ಒಂದು ಜಾಗ ಸಿಗುತ್ತೆ.

ಈ ಗುಡಿಸಲನ್ನು ಮನಸ್ಸಲ್ಲಿಟ್ಟುಕೊಂಡು ನಮ್ಮ 1990ರ ಒಂದು ರೂಪಾಯಿಗೆ ಬನ್ನಿ. ಒಂದು ಬದಿ ಸಿಂಹ ಮತ್ತು ಬೆಲೆ, ಇನ್ನೊಂದು ಬದಿ ಬಾಬಾಸಾಹೇಬರ ಮುಖ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು, ಶತಾಬ್ದಿ. ಅಷ್ಟೇ. ಮಹಾಡದ ಕೆರೆ ಇಲ್ಲ, ಪುಸ್ತಕ ಇಲ್ಲ, ದೀಕ್ಷೆ ಇಲ್ಲ. ಮುಖ ಇದೆ, ಆ ಮುಖದ ಜಗಳ ಇಲ್ಲ. ನೆಹರೂಗೂ ಗಾಂಧಿಗೂ ಇದೇ ಅಚ್ಚುಕಟ್ಟು ಅಂತ ನೀವು ಅನ್ನಬಹುದು, ನಿಜ. ಜಗಳವೇ ಬದುಕಾಗಿದ್ದ ಮನುಷ್ಯನಿಗೆ ಅದೇ ಅಚ್ಚುಕಟ್ಟು ಒಗ್ಗುತ್ತಾ ಅನ್ನೋದು ನನ್ನ ಪ್ರಶ್ನೆ. ಇನ್ನೊಂದು ಮಾತನ್ನು ಮರೀಬಾರದು: ಈ ಮನುಷ್ಯ 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆಯೇ ಗ್ರಂಥ ಪ್ರಕಟಿಸಿದವರು, ಆಮೇಲೆ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದವರು. ರೂಪಾಯಿಯನ್ನು ಮನಬಂದಷ್ಟು ಹೊರಡಿಸುವ ಅಧಿಕಾರ ಸರ್ಕಾರದ ಕೈಲಿ ಇರಬಾರದು, ಬೆಲೆ ಏರಿದರೆ ಏಟು ಬೀಳೋದು ಬಡವನಿಗೆ ಅನ್ನೋದು ಅವರ ವಾದದ ತಿರುಳು. ಎಷ್ಟು ಒತ್ತಬೇಕು ಅನ್ನೋದನ್ನು ಸರ್ಕಾರದ ಮರ್ಜಿಗೆ ಬಿಡಬೇಡಿ ಅಂತ ಅವರು ಕೇಳಿದರು. ಏನನ್ನು ಒತ್ತಬೇಕು ಅನ್ನೋದನ್ನೂ ಬಿಡಬೇಡಿ ಅಂತ ಕೇಳೋದು ಅದರ ಮುಂದಿನ ಮೆಟ್ಟಿಲು.

ನಮ್ಮ ಕಡೆ ಅಂಗಡಿಗಳಲ್ಲಿ ಕೇರಿಯವರು ಕಾಸನ್ನು ಹೊಸ್ತಿಲ ಮೇಲೆ ಇಡಬೇಕಿತ್ತು, ಅಂಗಡಿಯವನು ನೀರು ಚಿಮುಕಿಸಿ ಎತ್ತಿಕೊಳ್ತಿದ್ದ. ಚಿಲ್ಲರೆ ಕೊಡುವಾಗ ಮೇಲಿಂದ ಅಂಗೈಗೆ ಉದುರಿಸೋದು. (ನೋಟಿಗೆ ಮಾತ್ರ ನೀರು ಚಿಮುಕಿಸ್ತಿರಲಿಲ್ಲ, ದುಡ್ಡು ದೊಡ್ಡದಾದರೆ ಮೈಲಿಗೆ ಕಮ್ಮಿ.) ಬಾಬಾಸಾಹೇಬರ ರೂಪಾಯಿಯೂ ಹಾಗೇ ಮೇಲಿಂದ ಉದುರಿ ಬಿದ್ದದ್ದನ್ನು ನಾನು ಕಂಡಿದ್ದೀನಿ. ಆದರೂ ಅದು ಚಲಾವಣೆಯ ನಾಣ್ಯ, ಅವನ ಗಲ್ಲಾಪೆಟ್ಟಿಗೆಯಲ್ಲೂ ಕೂತಿತ್ತು. 2015ರಲ್ಲಿ 125ನೇ ಜಯಂತಿಗೆ ಹತ್ತು ರೂಪಾಯಿಯ ಜೊತೆ 125 ರೂಪಾಯಿಯದನ್ನೂ ಬಿಡುಗಡೆ ಮಾಡಿದರು. ಹತ್ತರದು ಸಂತೆಗೆ ಬಂತು. ನೂರಿಪ್ಪತ್ತೈದರದು ಪೆಟ್ಟಿಗೆಯಲ್ಲಿಟ್ಟು ಸಂಗ್ರಾಹಕರಿಗೆ ಮಾರುವ ವಸ್ತು. ದೊಡ್ಡ ಗೌರವ ಯಾರ ಕೈಗೂ ತಾಗದ ಹಾಗೆ ಬಂದರೆ ಅದರ ಬಗ್ಗೆ ನನಗೆ ಅನುಮಾನ.

ನಾಣ್ಯದಲ್ಲಿ ಎಲ್ಲ ಹೀಗೇ, ಬದಲಾಗಲ್ಲ ಅನ್ನುವವರಿಗೆ ತಮಿಳರನ್ನು ತೋರಿಸಬೇಕು. 2009ರ ಅಣ್ಣಾದೊರೈ ನಾಣ್ಯದ ಮೇಲೆ ಅವರ ತಮಿಳು ಸಹಿ ಇದೆ. 2024ರ ಕರುಣಾನಿಧಿ ನಾಣ್ಯದ ಮೇಲೆ ತಮಿಳು ಗೆಲ್ಲುತ್ತದೆ ಎಂಬರ್ಥದ ಮಾತು ತಮಿಳು ಲಿಪಿಯಲ್ಲೇ ಇದೆ. ಅಂದರೆ ರಾಜಕೀಯ ಬಲ ಇರುವವರು ಕೇಳಿದರೆ ಹಣಕಾಸು ಮಂತ್ರಾಲಯದ ಅಚ್ಚು ಬಗ್ಗುತ್ತೆ. 2006ರಲ್ಲಿ ಬಸವಣ್ಣನ ನಾಣ್ಯ ಬಂದಾಗ ನಾವು ಮುಖ ಬಂತಲ್ಲ ಅಂತ ಸುಮ್ಮನಾದೆವು. ಬಸವಣ್ಣನ ಮುಖ ಹೇಗಿತ್ತು ಅಂತ ಕಂಡವರು ಯಾರೂ ಇಲ್ಲ. ಆತನ ಮಾತು ಮಾತ್ರ ನಮ್ಮ ಬಳಿ ಇದೆ.

ನಮ್ಮ ಸಂಘಟನೆಗಳು ಇಲ್ಲಿತನಕ ಕೇಳಿದ್ದು ಮುಖ: ಇವರ ಪಟ ಹಾಕಿ, ಅವರ ನಾಣ್ಯ ತನ್ನಿ. ಇನ್ನು ಮೇಲೆ ಬೇಡಿಕೆ ಪತ್ರದಲ್ಲಿ ಹಿಂಬದಿಯನ್ನೂ ಬರೆಯೋಣ. ಚಿತ್ರ ಆರಿಸುವ ಕೋಣೆಯಲ್ಲಿ ಯಾರಿದ್ದರು, ಎಷ್ಟು ಕರಡು ಇದ್ದವು, ಯಾವುದು ಬಿತ್ತು, ಯಾಕೆ ಬಿತ್ತು ಅಂತ ಕೇಳೋಣ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಅರ್ಜಿ ಶುಲ್ಕ ಹತ್ತು ರೂಪಾಯಿ. ವಿದ್ಯಾರ್ಥಿ ಗೆಳೆಯರು ಯಾರಾದರೂ 1990ರ ಆ ಒಂದು ರೂಪಾಯಿಯ ಕಡತದಿಂದಲೇ ಶುರುಮಾಡಬಹುದು; ಮಹಾರ್ ರೆಜಿಮೆಂಟಿನ ಬಿಲ್ಲೆಯಿಂದ ಕಂಬ ತೆಗೆದ ಆದೇಶಕ್ಕೆ ರಕ್ಷಣಾ ಮಂತ್ರಾಲಯಕ್ಕೆ ಇನ್ನೊಂದು ಅರ್ಜಿ.