ವಾಸದ ಮನೆಗೆ ಒಂದು ಲೆಕ್ಕ, ವರಮಾನದ ಮನೆಗೆ ಇನ್ನೊಂದು

ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ತೆರಿಗೆ ತೆತ್ತು ನೋಡು ಎಂದು ಸೇರಿಸಲಿಲ್ಲ. ಕಾಫಿ ಕೊಯ್ಲಿನ ಕೂಲಿ, ಅಡಕೆಗೆ ಹೊಡೆಯುವ ಮೈಲುತುತ್ತ, ಗೊಬ್ಬರ ಇವುಗಳ ಖರ್ಚನ್ನು ಪೈಸೆ ಬಿಡದೆ ಬರೆದಿಡುವ ನಾವು, ಮನೆಯ ತೆರಿಗೆಯ ವಿಷಯದಲ್ಲಿ ಮಾತ್ರ ಕೇಳಿದಷ್ಟು ಕಟ್ಟಿ ರಶೀದಿ ತರುತ್ತೇವೆ. ಆದರೆ ಮಾಲೀಕನು ತಾನೇ ವಾಸಿಸುವ ಮನೆಗೂ ಅವನಿಗೆ ವರಮಾನ ತರುವ ಮನೆಗೂ ಕಾನೂನು ಭೇದವೆಣಿಸುತ್ತದೆ. ತೋಟದ ಮನೆಯ ಒಂದು ಭಾಗವನ್ನು ಹೋಂಸ್ಟೇಗೆ ಬಿಡುವ, ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮನೆ ಕೊಳ್ಳುವ ಸದಸ್ಯರು ಈ ಭೇದವನ್ನು ಅರಿತಿರುವುದು ಅಗತ್ಯ.

ಮೊದಲು ಪಂಚಾಯಿತಿ ತೆರಿಗೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಕೃಷಿ ಕಂದಾಯಕ್ಕೆ ಒಳಪಟ್ಟ ನೆಲ ಗ್ರಾಮ ಪಂಚಾಯಿತಿಯ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಬೇಡಿಕೆಯ ನೋಟೀಸು ಬಂದಾಗ, ಅದರಲ್ಲಿ ನಮೂದಾಗಿರುವುದು ಮನೆಯ ಅಳತೆಯೋ, ಸುತ್ತಲಿನ ತೋಟದ ನೆಲವೂ ಸೇರಿದೆಯೋ ಎಂದು ನೋಡಿಕೊಳ್ಳತಕ್ಕದ್ದು.

ಬೆಂಗಳೂರಿನ ರೀತಿ ಬೇರೆ. 2008ರಲ್ಲಿ ಅಲ್ಲಿ ಜಾರಿಗೆ ಬಂದ ಸ್ವಯಂ ಘೋಷಣೆಯ ಪದ್ಧತಿಯಲ್ಲಿ, ಎ ವಲಯದ ಆರ್.ಸಿ.ಸಿ. ಮನೆಗೆ ಬಾಡಿಗೆಯಿದ್ದರೆ ಚದರಡಿಗೆ ತಿಂಗಳಿಗೆ 5 ರೂಪಾಯಿ, ಮಾಲೀಕನ ವಾಸವಿದ್ದರೆ 2 ರೂಪಾಯಿ 50 ಪೈಸೆ ಎಂದು ಮೌಲ್ಯ ಕಟ್ಟಿದ್ದರು. ಹತ್ತು ತಿಂಗಳ ಮೌಲ್ಯದ ಮೇಲೆ ಶೇಕಡ 20ರಂತೆ ತೆರಿಗೆ. ಸವಕಳಿಯ ಕಡಿತ ಮತ್ತು ಸೆಸ್ಸು ಬಿಟ್ಟು ಲೆಕ್ಕ ಹಾಕಿದರೆ, 1000 ಚದರಡಿಯ ಮನೆಗೆ ವಾಸಕ್ಕಾದರೆ 5000 ರೂಪಾಯಿ, ಬಾಡಿಗೆಗಾದರೆ 10,000 ರೂಪಾಯಿ. ದರಗಳು ಆಮೇಲೆ ಏರಿದ್ದರಿಂದ ಇದನ್ನು ಕೇವಲ ಉದಾಹರಣೆಯೆಂದು ತಿಳಿಯಬೇಕು. ಅರ್ಧದಷ್ಟು ಉಳಿತಾಯ ಸಣ್ಣದಲ್ಲ; ಆದರೆ ಬಾಡಿಗೆದಾರನನ್ನು ಇಟ್ಟುಕೊಂಡು ಸ್ವಂತ ವಾಸವೆಂದು ಬರೆದುಕೊಟ್ಟರೆ, ಉಳಿದ ಹಣ ದಂಡ ಬಡ್ಡಿಗಳ ಸಮೇತ ಹಿಂದಕ್ಕೆ ಹೋದೀತು.

ಇನ್ನು ಆದಾಯ ತೆರಿಗೆ. ಸ್ವಂತ ವಾಸದ ಮನೆಯ ವಾರ್ಷಿಕ ಮೌಲ್ಯವನ್ನು ಸೊನ್ನೆಯೆಂದು ಎಣಿಸಲಾಗುತ್ತದೆ. ಹಿಂದೆ ಒಂದೇ ಮನೆಗೆ ಇದ್ದ ಈ ಸೌಲಭ್ಯ 2019-20ನೇ ಆರ್ಥಿಕ ವರ್ಷದಿಂದ ಎರಡು ಮನೆಗಳಿಗೆ ದೊರೆಯಿತು. ಊರಲ್ಲೊಂದು, ಪಟ್ಟಣದಲ್ಲೊಂದು ಮನೆಯುಳ್ಳ ನಮ್ಮಂಥವರಿಗೆ ಇದು ನಿಜವಾದ ಉಪಕಾರ. ವರ್ಷದ ಕೆಲವೇ ತಿಂಗಳು ಬಾಡಿಗೆಗೆ ಕೊಟ್ಟರೂ ಆ ಮನೆಗೆ ಈ ಸೌಲಭ್ಯವಿಲ್ಲ.

ನಮ್ಮವರು ಎಡವುವುದು ಹೋಂಸ್ಟೇಯಲ್ಲಿ. ಬೇಸಾಯಗಾರನು ತನ್ನ ಜಮೀನಿನ ಸಂಬಂಧದಿಂದ ಅಲ್ಲಿ ವಾಸಕ್ಕೋ ಉಗ್ರಾಣಕ್ಕೋ ಇಟ್ಟುಕೊಂಡ ಕಟ್ಟಡವನ್ನು ಕಾನೂನು ಕೃಷಿಯ ಅಂಗವಾಗಿಯೇ ಕಾಣುತ್ತದೆ. ಇದನ್ನೇ ಹಿಡಿದು, ತೋಟದ ಮನೆಯಲ್ಲಿ ತಂಗಿದವರು ಕೊಡುವ ಹಣವೂ ಕೃಷಿ ಆದಾಯವೆಂದು ವಾದಿಸುವವರುಂಟು. ಈ ವಾದ ನಿಲ್ಲದು. ಅಂಥ ಕಟ್ಟಡವನ್ನು ಬಾಡಿಗೆಗೋ ವ್ಯಾಪಾರಕ್ಕೋ ಬಳಸಿ ಪಡೆದ ಹಣ ಕೃಷಿ ಆದಾಯವಲ್ಲವೆಂದು 2000ನೇ ಇಸವಿಯ ಹಣಕಾಸು ಕಾಯ್ದೆಯೇ ಸ್ಪಷ್ಟಪಡಿಸಿತು. ಅತಿಥಿಗಳ ಹಣವನ್ನು ಕಾಫಿ ಮಾರಿದ ಹಣದೊಡನೆ ಬೆರೆಸಿಬಿಟ್ಟರೆ, ವಿಚಾರಣೆಯ ಕಾಲಕ್ಕೆ ಕಾಫಿಯ ಲೆಕ್ಕವೂ ಸಂಶಯಕ್ಕೆ ಒಳಗಾಗುತ್ತದೆ. ಎರಡು ಕೋಣೆಯ ಹೋಂಸ್ಟೇ ಆದರೂ ಅದಕ್ಕೆ ಬೇರೆಯೇ ಪುಸ್ತಕವಿರಲಿ.

ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟೆ. ತೆರಿಗೆ ಕಟ್ಟುವ ಮೊದಲು ಯಾವ ಮನೆ ವಾಸಕ್ಕೆ, ಯಾವ ಭಾಗ ವರಮಾನಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮನೆಯ ಖಾತೆ, ಹಳೆಯ ರಶೀದಿ, ವಿದ್ಯುತ್ ಬಿಲ್ಲುಗಳನ್ನು ಒಂದೇ ಕಡತದಲ್ಲಿಡಿ. ಹಕ್ಕಿನ ರಿಯಾಯಿತಿಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಹಕ್ಕಿಲ್ಲದ್ದಕ್ಕೆ ರುಜು ಹಾಕಬೇಡಿ.