ತಂಗಡಿ, ಬಂದರಿಕೆ ಉಳಿಸೋಣ



ಸಸಿ ನೆಡುವ ಮುನ್ನ ಜಾಗ ಚೊಕ್ಕಟ ಮಾಡುತ್ತೇವೆಂದು ಕುರುಚಲು ಗಿಡಗಳನ್ನೆಲ್ಲ ಕಿತ್ತುಬಿಡುತ್ತೇವೆ. ಇದು ಸರಿಯಲ್ಲ. ರಾಯದುರ್ಗದ ಕಡೆ ಕಣೇಕಲ್, ಬೊಮ್ಮನಹಾಳಿನಲ್ಲಿ ಆಷಾಢದ ಗಾಳಿಗೆ ಹಗರಿಯ ಮರಳು ಎದ್ದು ಹೊಲ ಮುಚ್ಚುವುದನ್ನು ಎಲ್ಲರೂ ಬಲ್ಲೆವು. ನೆಲಮಟ್ಟದಲ್ಲಿ ಗಾಳಿ ತಡೆದು, ಬೇರಿನಿಂದ ಮಣ್ಣು ಹಿಡಿಯುವುದು ಈ ಗಿಡಗಳೇ.

ತಂಗಡಿ (ತೆಲುಗಿನಲ್ಲಿ ತಂಗೇಡು), ಬಂದರಿಕೆಗಳನ್ನು ಆಡುಗಳು ಸಾಮಾನ್ಯವಾಗಿ ಮೇಯುವುದಿಲ್ಲ; ಬೇರೂರಿದ ಮೇಲೆ ನೀರು ಹಾಯಿಸಬೇಕಿಲ್ಲ. ಇವನ್ನು ಉಳಿಸಿ. 1870ರ ದಶಕದಲ್ಲಿ ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯನ್ನು ಮಾತ್ರ ಬುಡಸಹಿತ ತೆಗೆಯಿರಿ. ಬರೀ ಕಡಿದರೆ ಮತ್ತೆ ಚಿಗುರುತ್ತದೆ. ಅದನ್ನೂ ಒಮ್ಮೆಲೇ ಬಯಲು ಮಾಡದೆ ಪಟ್ಟಿ ಪಟ್ಟಿಯಾಗಿ ತೆಗೆದು, ಮಳೆ ಬಿದ್ದಾಗ ಅಲ್ಲಿ ತಂಗಡಿ ಬೀಜ ಚೆಲ್ಲಿ.

ಮಡಕಶಿರಾ ಸದಸ್ಯರೂ ಗುಡ್ಡದಂಚಿನಲ್ಲಿ ಹೀಗೆಯೇ ಮಾಡಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ