ಕೋವಿಯ ಮೇಲೊಂದು ಅಗ್ಗದ ಕಣ್ಣು

ತೋಟೆಕೋವಿಗೆ ಸ್ಕೋಪ್ ಕೂರಿಸಿದರೆ ಏನು ಲಾಭ? ಮಾರಿದವನಿಗೆ ಲಾಭ. ಬಸ್ರೂರಿನ ಸುತ್ತಮುತ್ತ, ಕುಂದಾಪುರ, ಬೈಂದೂರು, ಬ್ರಹ್ಮಾವರದ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡ ಕೋವಿಗಳು ಸಾಮಾನ್ಯವಾಗಿ ಚರೆ ಹಾರಿಸುವಂಥವು. ನಳಿಗೆ ಒಂಟಿಯಿರಲಿ, ಜೋಡಿಯಿರಲಿ, ಒಳಮೈ ನುಣುಪು. ಹೊರಬಿದ್ದ ಚರೆ ಹರಡುತ್ತ ಹೋಗುತ್ತದೆ, ಮೂವತ್ತು ನಲವತ್ತು ಮೀಟರ್ ದಾಟಿತೆಂದರೆ ಅದರ ಕಸುವೂ ಮುಗಿಯಿತು. ಅಷ್ಟು ದೂರಕ್ಕೆ ನಳಿಗೆಯ ತುದಿಯ ಮಣಿಯೇ ಸಾಕು. ಸ್ಕೋಪ್ ಬೇಕಾಗುವುದು ನಳಿಗೆಯೊಳಗೆ ತಿರುಚು ಗೀರುಗಳಿದ್ದು ಒಂದೇ ಗುಂಡನ್ನು ಒಂದೇ ಜಾಗಕ್ಕೆ ಕಳಿಸುವ ರೈಫಲ್‌ಗೆ.

ಆದರೂ ಆನ್‌ಲೈನ್ ಅಂಗಡಿಗಳಲ್ಲಿ ಎರಡು–ಮೂರು ಸಾವಿರ ರೂಪಾಯಿಯ ಸ್ಕೋಪ್‌ಗಳಿಗೆ ಬರವಿಲ್ಲ. ಅವನ್ನು ಕೊಳ್ಳುವವರಲ್ಲಿ ಏರ್‌ಗನ್ ಇಟ್ಟುಕೊಂಡವರೇ ಜಾಸ್ತಿ. ಕಾರಣ ಕಾನೂನಿನಲ್ಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿ.ಮೀ. ಮೀರದ, ಹೊರಬೀಳುವ ಗುಂಡಿನ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಪರವಾನಗಿ ಬೇಡ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿಗೇ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕರಾವಳಿಯವರಿಗೆ ಆ ಭಾಗ್ಯವಿಲ್ಲ. ಇಲ್ಲಿ ಕೋವಿಯೆಂದರೆ ಅರ್ಜಿ, ನವೀಕರಣ, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ. ಹಾಗಾಗಿ ಗುರಿಯ ಹುಚ್ಚಿರುವ ಹುಡುಗರ ಕೈ ಏರ್‌ಗನ್ ಕಡೆಗೆ ಹೋಗುವುದು ಸಹಜ.

ಇಲ್ಲೇ ಒಂದು ಮಾತು. ಏರ್‌ಗನ್‌ಗೆ ಪರವಾನಗಿ ಬೇಡ ಎಂದರೆ ಅದರಿಂದ ಏನನ್ನು ಬೇಕಾದರೂ ಹೊಡೆಯಬಹುದು ಎಂದಲ್ಲ. ಗದ್ದೆಗೆ ಇಳಿಯುವ ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಹೊಡೆದರೆ ಜೈಲು. ಈ ಲೇಖನದ ಸ್ಕೋಪ್ ರಟ್ಟಿನ ಗುರಿಫಲಕಕ್ಕೆ ಸಂಬಂಧಿಸಿದ್ದು.

ಬಸ್ರೂರಿಗೆ ಕೋವಿಯೇನೂ ಹೊಸದಲ್ಲ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು ಕೋಟೆ ಇಟ್ಟುಕೊಂಡಿದ್ದ ಬಂದರು ಇದು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡಿದ ಪೇಟೆ. ಆ ಹೊತ್ತಿಗೆ ಯುರೋಪಿನಲ್ಲಿ ದುರ್ಬೀನು ಹುಟ್ಟಿ ಅರ್ಧ ಶತಮಾನ ಕಳೆದಿತ್ತು. ಆದರೆ ಅದನ್ನು ಕೋವಿಯ ಬೆನ್ನ ಮೇಲೆ ನೆಟ್ಟಗೆ ಕೂರಿಸಲು 19ನೇ ಶತಮಾನ ಬರಬೇಕಾಯಿತು. ಗಾಜು ಉಜ್ಜುವವರು ಆಗಲೂ ಇದ್ದರು. ಪ್ರತಿ ಈಡಿಗೂ ಒದೆ ತಿನ್ನುವ ಕೊಳವೆಯೊಳಗೆ ಆ ಗಾಜನ್ನು ಕೂದಲೆಳೆಯಷ್ಟೂ ಕದಲದಂತೆ ಹಿಡಿದಿಡುವುದು ಕಷ್ಟವಿತ್ತು. ಇವತ್ತಿಗೂ ಅಗ್ಗದ ಸ್ಕೋಪ್ ಸೋಲುವುದು ಅಲ್ಲಿಯೇ. ಅಂಗಡಿಯವನು ಮಾತ್ರ ಗಾಜಿನ ಬಗ್ಗೆ ಮಾತಾಡುತ್ತಾನೆ, ಹಿಡಿತದ ಬಗ್ಗೆ ಮಾತಾಡುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳಿಂದಲೇ ಶುರುಮಾಡೋಣ. 3-9x40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿ.ಮೀ. ಎಂದು ಅರ್ಥ. ಅಗಲವನ್ನು ಹಿಗ್ಗಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ. ಒಂಬತ್ತು ಪಟ್ಟಿನಲ್ಲಿ ಅದು 4.4 ಮಿ.ಮೀ. ಸಾದಾ 4x32 ಸ್ಕೋಪಿನಲ್ಲಿ 8 ಮಿ.ಮೀ. ಹುಡುಗರು ಮೋಹಿಸುವ 6-24x50 ಅನ್ನು 24ಕ್ಕೆ ತಿರುಗಿಸಿದರೆ ಬರೀ ಎರಡು ಮಿ.ಮೀ. ಮುಸ್ಸಂಜೆಯಲ್ಲಿ ಪ್ರಾಯದವರ ಪಾಪೆ ಏಳು ಮಿ.ಮೀ.ವರೆಗೂ ಅರಳುತ್ತದೆ. ಎರಡು ಮಿ.ಮೀ. ಬೆಳಕು ಕೊಟ್ಟರೆ ಅದಕ್ಕೆ ಕಾಣುವುದು ಮಬ್ಬು. ಅಡಿಕೆ ತೋಟದ ನೆರಳಲ್ಲಿ ಮಧ್ಯಾಹ್ನವೂ ಅದೇ ಕಥೆ. ಹಿಗ್ಗು ಹೆಚ್ಚಿದಷ್ಟೂ ಕೈನಡುಕವೂ ಹಿಗ್ಗುತ್ತದೆ ಎಂಬುದು ಬೇರೆ.

ಬೆಳಕು ಸೋರುವ ಇನ್ನೊಂದು ಜಾಗ ಗಾಜಿನ ಮೈ. ಲೇಪನವಿಲ್ಲದ ಗಾಜಿನ ಪ್ರತಿ ಮೈಯಲ್ಲೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕು ಹಿಂದಕ್ಕೆ ಹೊರಳುತ್ತದೆ. ಸ್ಕೋಪಿನೊಳಗೆ ಅಂಥ ಹತ್ತು ಮೈಗಳಿದ್ದರೆ ಕೊನೆಗೆ ಉಳಿಯುವುದು ಮೂರರಲ್ಲಿ ಎರಡು ಪಾಲು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ತೆಳು ಲೇಪನದಿಂದ ಈ ಸೋರಿಕೆ ತಡೆಯುವ ದಾರಿ ಕಂಡುಕೊಂಡರು. ಈಗ ಎಲ್ಲ ಪೆಟ್ಟಿಗೆಯ ಮೇಲೂ ‘ಕೋಟೆಡ್’ ಎಂದಿರುತ್ತದೆ. ಆ ಪದವೊಂದೇ ಇದ್ದರೆ ಒಂದೋ ಎರಡೋ ಮೈಗೆ ಒಂದು ಪದರ ಬಳಿದಿದ್ದಾರೆ ಎಂದಷ್ಟೇ ತಿಳಿಯಬೇಕು. ‘ಫುಲ್ಲಿ ಮಲ್ಟಿ ಕೋಟೆಡ್’ ಎಂದಿದ್ದರೆ ಎಲ್ಲ ಮೈಗೂ ಹಲವು ಪದರ. ಮುಂದಿನ ಗಾಜು ಕನ್ನಡಿಯಂತೆ ಕೆಂಪಗೆ ಮಿನುಗುತ್ತಿದ್ದರೆ ಅದು ಚಂದಕ್ಕೆ. ಅಷ್ಟು ಬೆಳಕು ವಾಪಸು ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇಷ್ಟಾದರೂ ಗಾಜು ಸುಮಾರಾಗಿದ್ದರೆ ಹೊಂದಿಕೊಳ್ಳಬಹುದು. ಹೊಂದಿಕೊಳ್ಳಲಾಗದ್ದು ಸುಳ್ಳು ಹೇಳುವ ತಿರುಗಣೆ. ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಎರಡು ಗುಂಡಿಗಳಿರುತ್ತವೆ. ತಿರುಗಿಸಿದಾಗ ಕ್ಲಿಕ್ ಎನ್ನುತ್ತವೆ, ಒಳಗಿನ ಸಣ್ಣ ಕೊಳವೆ ಸ್ಪ್ರಿಂಗಿನ ಎದುರು ಚೂರೇ ಚೂರು ಜರುಗುತ್ತದೆ. ಕಾಲು ಎಂಓಎ (ಕೋನದ ಒಂದು ಅಳತೆ) ಎಂದು ಬರೆದ ಸ್ಕೋಪಿನಲ್ಲಿ ಒಂದು ಕ್ಲಿಕ್ಕಿಗೆ ಗುಂಡು ಬೀಳುವ ಜಾಗ ನೂರು ಮೀಟರಿನಲ್ಲಿ ಏಳು ಮಿ.ಮೀ.ಗೆ ಸ್ವಲ್ಪ ಹೆಚ್ಚು, 25 ಮೀಟರಿನಲ್ಲಿ 1.8 ಮಿ.ಮೀ. ಸರಿಯಬೇಕು. ಸ್ಪ್ರಿಂಗ್ ಸತ್ತಿದ್ದರೆ ತಿರುಗಿಸಿದ ಕೂಡಲೇ ಏನೂ ಆಗುವುದಿಲ್ಲ. ಎರಡು ಈಡು ಹೊಡೆದ ಮೇಲೆ ಗುರಿಗೆರೆಯಾದ ಕ್ರಾಸ್‌ಹೇರ್ ಇದ್ದಕ್ಕಿದ್ದಂತೆ ಹಾರಿ ಎಲ್ಲೋ ಕೂರುತ್ತದೆ. ಪಾಪ, ಹೊಡೆದವನು ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಾನೆ.

ಇದನ್ನು ಹಿಡಿಯುವ ಪರೀಕ್ಷೆಗೆ ಖರ್ಚಿಲ್ಲ. 25 ಮೀಟರ್ ದೂರದಲ್ಲಿ, ಹಿಂದೆ ಗಟ್ಟಿ ಮಣ್ಣಿನ ದಿಬ್ಬವಿರುವ ಕಡೆ, ದೊಡ್ಡ ರಟ್ಟು ನಿಲ್ಲಿಸಿ ನಡುವಿನ ಚುಕ್ಕಿಗೆ ಹೊಡೆಯಬೇಕು. ಮೇಲಕ್ಕೆ 20 ಕ್ಲಿಕ್, ಮತ್ತೆ ಅದೇ ಚುಕ್ಕಿಗೆ ಈಡು. ಬಲಕ್ಕೆ 20, ಕೆಳಕ್ಕೆ 20, ಎಡಕ್ಕೆ 20. ಗುರಿ ಪ್ರತಿ ಸಲವೂ ನಡುಚುಕ್ಕಿಯೇ. ರಟ್ಟಿನ ಮೇಲೆ ಸುಮಾರು 36 ಮಿ.ಮೀ. ಬದಿಯ ಚೌಕ ಮೂಡಿ, ಕೊನೆಯ ಗುಂಡು ಮೊದಲ ತೂತಿನ ಹತ್ತಿರವೇ ಬಿದ್ದರೆ ಸ್ಕೋಪ್ ಮಾತಿಗೆ ತಪ್ಪುವುದಿಲ್ಲ ಎಂದರ್ಥ. ಚೌಕ ತುಸು ಸಣ್ಣದೋ ದೊಡ್ಡದೋ ಆದರೆ ಕ್ಷಮಿಸಬಹುದು. ಮರಳಿ ಬಾರದ ಸ್ಕೋಪನ್ನು ಮಾತ್ರ ಕ್ಷಮಿಸುವಂತಿಲ್ಲ.

ಏರ್‌ಗನ್‌ನ ಒದೆ ಸಣ್ಣದು, ಅಗ್ಗದ ಸ್ಕೋಪ್ ಸಾಕು ಎಂದು ನಂಬಿದವರಿಗೆ ನಷ್ಟ ಗ್ಯಾರಂಟಿ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿಗೆ ಅಪ್ಪಳಿಸಿದಾಗ ಮುಂದಕ್ಕೆ. ಹಿಂದೊದೆಯನ್ನಷ್ಟೇ ಲೆಕ್ಕ ಹಾಕಿ ಕಟ್ಟಿದ ಸ್ಕೋಪಿನ ಗಾಜು ಈ ಮುಂದೊದೆಗೆ ಸಡಿಲಾಗುತ್ತದೆ. ದೊಡ್ಡ ಬೇಟೆ ರೈಫಲ್ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಏರ್‌ಗನ್ ಮೇಲೆ ಕೆಟ್ಟುಹೋಗುವುದೂ ಉಂಟು. ‘ಏರ್‌ಗನ್ ರೇಟೆಡ್’ ಎಂದು ತಯಾರಕರೇ ಬರೆದುಕೊಟ್ಟಿದ್ದಾರೆಯೇ ಎಂದು ನೋಡಬೇಕು.

ಏರ್‌ಗನ್‌ನವರು ನೋಡಬೇಕಾದ್ದು ಮತ್ತೊಂದಿದೆ, ಪ್ಯಾರಲಾಕ್ಸ್. ರೈಫಲನ್ನು ಮರಳು ಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ, ಕಣ್ಣನ್ನಷ್ಟೇ ಆಚೀಚೆ ಸರಿಸಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಈಜಾಡಿದರೆ ಅದು ಪ್ಯಾರಲಾಕ್ಸ್ ದೋಷ. ಸಾಮಾನ್ಯ ಸ್ಕೋಪುಗಳನ್ನು ಕಾರ್ಖಾನೆಯಲ್ಲಿ ನೂರು ಗಜಕ್ಕೆ ಹೊಂದಿಸಿರುತ್ತಾರೆ. ಮನೆ ಹಿತ್ತಲಿನ ಹದಿನೈದು ಇಪ್ಪತ್ತು ಮೀಟರಿಗೆ ಅದು ಒಗ್ಗದು. ಈ ಹೊಂದಿಕೆಯನ್ನು ಹತ್ತು ಗಜದವರೆಗೆ ಇಳಿಸಬಲ್ಲ, ‘ಎಓ’ ಗುರುತಿನ ಸ್ಕೋಪಿಗೆ ನಾನೂರೋ ಐನೂರೋ ಹೆಚ್ಚು ತೆತ್ತರೆ ಅದು ದಂಡವಲ್ಲ. ಕೆಂಪು ಹಸಿರು ದೀಪ, ಗಾಜಿನ ತುಂಬ ದೂರ ಅಳೆಯುವ ಗೆರೆಗಳು, ಪಕ್ಕಕ್ಕೆ ಅಂಟಿಸಿದ ಲೇಸರ್, ಇವಕ್ಕೆ ಹೋದ ದುಡ್ಡು ಗಾಜಿನಿಂದಲೋ ಸ್ಪ್ರಿಂಗಿನಿಂದಲೋ ಕಡಿತವಾದ ದುಡ್ಡು. ಕೂರಿಸುವ ಮೌಂಟ್ ಕೂಡ ಹೊಂದಬೇಕು: ಏರ್‌ಗನ್‌ಗಳ ಬೆನ್ನಿನ ಹಳಿ ಹೆಚ್ಚಾಗಿ 11 ಮಿ.ಮೀ., ಪೆಟ್ಟಿಗೆಯೊಳಗೆ ಪುಕ್ಕಟೆ ಬರುವ ಮೌಂಟ್ ಎಷ್ಟೋ ಸಲ ಅದರ ದುಪ್ಪಟ್ಟು ಅಗಲದ ಪಿಕಟಿನಿ ಹಳಿಯದು.

ಇನ್ನು ಕರಾವಳಿಯ ಮಳೆ. ಕುಂದಾಪುರದ ಮಳೆಗಾಲ ಕಂಡವರಿಗೆ ಕ್ಯಾಮೆರಾ ಲೆನ್ಸಿಗೆ ಬೂಸಲು ಹಿಡಿಯುವ ಕಥೆ ಹೇಳಬೇಕಿಲ್ಲ. ಒಳ್ಳೆಯ ಸ್ಕೋಪಿನ ಕೊಳವೆಯೊಳಗಿನ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ಒಳಗೆ ತೇವವೇ ಇಲ್ಲದ ಮೇಲೆ ಮಂಜು ಕಟ್ಟುವುದೆಲ್ಲಿಂದ? ಅಗ್ಗದ್ದರಲ್ಲಿ ಬರಹ ಇರುತ್ತದೆ, ನೈಟ್ರೋಜನ್ ಇರುತ್ತದೋ ಇಲ್ಲವೋ. ಏಸಿ ಕೋಣೆಯಲ್ಲಿ ರಾತ್ರಿಯಿಟ್ಟು ಬೆಳಿಗ್ಗೆ ಜಗಲಿಗೆ ತಂದಾಗ ಹೊರಗಿನ ಗಾಜಿಗೆ ಮಂಜು ಹಿಡಿಯುವುದು ಸಹಜ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದೆ ಉಳಿದರೆ ಅದು ಒಳಗಿನದು, ವಾಪಸು ಕಳಿಸತಕ್ಕದ್ದು. ಚೆನ್ನಾಗಿರುವುದನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಡುವುದು ಕ್ಷೇಮ.

ಅಗ್ಗ ಎಂದ ಮಾತ್ರಕ್ಕೆ ಕಳಪೆ ಎನ್ನುವಂತಿಲ್ಲ. 1930ರಲ್ಲಿ ಅಮೆರಿಕದ ವಿಲಿಯಂ ವೀವರ್ ಮೌಂಟ್ ಸಮೇತ 19 ಡಾಲರಿಗೆ ‘ಮಾಡೆಲ್ 330’ ಎಂಬ ಸ್ಕೋಪ್ ಮಾರಲು ಹೊರಟರು. ಮುಕ್ಕಾಲು ಇಂಚಿನ ಸಣಕಲು ಉಕ್ಕಿನ ಕೊಳವೆ, ಅಲಂಕಾರ ಸೊನ್ನೆ. ಸಾಮಾನ್ಯ ರೈತ ಕೊಳ್ಳಬಹುದಾಗಿದ್ದ ಅದೇ ಸ್ಕೋಪಿನ ಮುಂದಿನ ರೂಪವನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಎಂ1903ಎ4 ಸ್ನೈಪರ್ ರೈಫಲ್‌ಗೆ ಕೂರಿಸಿಕೊಂಡಿತು. ವೀವರ್ ಬಿಟ್ಟದ್ದು ಬೆಡಗನ್ನು.

ಈಗಿನ ಅಗ್ಗದ ಮಾಲಿನಲ್ಲಿ ಅಪಾಯ ಬೇರೆ ದಿಕ್ಕಿನಿಂದ. ದೊಡ್ಡ ಹೆಸರುಗಳ ನಕಲು ಧಾರಾಳ; ಲ್ಯೂಪೋಲ್ಡ್ ಕಂಪನಿಯೇ ತನ್ನ ಹೆಸರಿನ ನಕಲಿಗಳ ಬಗ್ಗೆ ಗ್ರಾಹಕರನ್ನು ಎಚ್ಚರಿಸಬೇಕಾಯಿತು. ಮೂರು ಸಾವಿರಕ್ಕೆ ಅಂಥ ಹೆಸರು ಸಿಕ್ಕಿತೆಂದರೆ ಬಂದಿರುವುದು ಹೆಸರು ಮಾತ್ರ.

ಸ್ಕೋಪೇ ಬೇಕೆಂದೂ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿ.ಮೀ., ದುರ್ಬೀನಿಗೆ ನಿಷೇಧ. ಸಣ್ಣ ರಂಧ್ರದ ಮೂಲಕ ನೋಡಿ ಹೊಡೆಯಬೇಕು. ಮಕ್ಕಳು ಮುಂದೆ ಕ್ರೀಡೆಯಾಗಿ ಕಲಿಯಬೇಕೆಂಬ ಆಸೆಯಿದ್ದ ಮನೆಯವರು ಸ್ಕೋಪಿನ ದುಡ್ಡನ್ನು ಒಳ್ಳೆಯ ಪೆಲೆಟ್‌ಗೂ ತರಬೇತಿಗೂ ಹಾಕುವುದೇ ಮೇಲು.

ಹಿತ್ತಲಲ್ಲಿ ರಟ್ಟಿಗೆ ಹೊಡೆಯುವ ಹವ್ಯಾಸಕ್ಕೆ ಮಾತ್ರವಾದರೆ ಏರ್‌ಗನ್‌ಗೆಂದೇ ಮಾಡಿದ ಸಾದಾ 4x32, ತುಸು ಹೆಚ್ಚು ಕೈಬಿಚ್ಚಿದರೆ ಎಓ ಇರುವ 3-9x40. ಅದರಾಚೆಗೆ ಹೋಗುವ ಅಗತ್ಯವಿಲ್ಲ. ಸ್ಕೋಪ್ ಕೈಗೆ ಬಂದ ದಿನವೇ ವಾರಾಹಿಯ ದಂಡೆಗೆ ಒಯ್ದು ಆಚೆ ದಡದ ತೆಂಗಿನ ಗರಿಗಳನ್ನು ಆಕಾಶದ ಎದುರಿಗೆ ನೋಡಿ, ಸೂರ್ಯನ ಕಡೆ ಮಾತ್ರ ತಪ್ಪಿಯೂ ತಿರುಗಿಸಬೇಡಿ. ಸ್ಕೋಪ್ ಬಿಡಿಯಾಗಿರಲಿ, ರೈಫಲ್ ಮನೆಯಲ್ಲೇ ಇರಲಿ. ಗರಿಯ ಅಂಚಿಗೆ ನೇರಳೆ ಬಣ್ಣ ದಟ್ಟವಾಗಿ ಹತ್ತಿದ್ದರೆ ಗಾಜು ಕಳಪೆ. ಚೌಕದ ಪರೀಕ್ಷೆಯನ್ನೂ ಆ ವಾರದಲ್ಲೇ ಮುಗಿಸಿ, ವಾಪಸು ಕೊಡುವ ಗಡುವು ದಾಟುವವರೆಗೆ ಪೆಟ್ಟಿಗೆ, ಬಿಲ್ಲು ಎರಡನ್ನೂ ಎಸೆಯಬೇಡಿ.